ಕೆಟ್ಟ ಸುದ್ದಿ ತಂದವರಿಗೆ ನಿಮ್ಮ ಮೊದಲ ಮಾತು

(ಕೆಲಸದ ಜಾಗದ ಅಭ್ಯಾಸಗಳ ಬಗ್ಗೆ ಈಚೆಗೆ ಕೊಟ್ಟ ಉಪನ್ಯಾಸದ ಬರಹ ರೂಪ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಅಂದು ಮರೆತುಹೋದ ಒಂದೆರಡು ವಿಷಯ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಾರ್ಯಕ್ರಮದ ಹಾಳೆಯಲ್ಲಿ ನನ್ನ ವಿಷಯ "ವ್ಯಕ್ತಿತ್ವ ವಿಕಸನ ಮತ್ತು ನಾಯಕತ್ವಕ್ಕೆ ದಿನನಿತ್ಯದ ಅಭ್ಯಾಸಗಳು" ಅಂತ ಹಾಕಿದ್ದಾರೆ. ಅದನ್ನು ಓದಿದವರಿಗೆ, ಈ ಮನುಷ್ಯ ಬೆಳಿಗ್ಗೆ ನಾಲ್ಕಕ್ಕೆ ಏಳಿ, ತಣ್ಣೀರು ಸ್ನಾನ ಮಾಡಿ, ದಿನಾ ಇಪ್ಪತ್ತು ಪುಟ ಓದಿ ಅಂತ ಶುರು ಮಾಡ್ತಾನೆ ಅನ್ನಿಸಿರಬಹುದು. ಹೆದರಬೇಡಿ, ಅದ್ಯಾವುದನ್ನೂ ಹೇಳುವುದಿಲ್ಲ. ನೀವು ಎಷ್ಟು ಗಂಟೆಗೆ ಏಳುತ್ತೀರಿ ಅನ್ನುವುದಕ್ಕೂ ನಿಮ್ಮ ಜೊತೆ ಕೆಲಸ ಮಾಡುವವರು ನಿಮ್ಮನ್ನು ನಂಬುತ್ತಾರಾ ಅನ್ನುವುದಕ್ಕೂ ಸಂಬಂಧ ಇರುವುದನ್ನು ನಾನಂತೂ ಕಂಡಿಲ್ಲ. ಸರಿಯಾಗಿ ನಿದ್ದೆ ಮಾಡಿ ಅಂತ ಮಾತ್ರ ಹೇಳುತ್ತೇನೆ. ಯಾಕೆ ಅನ್ನುವುದು ಆಮೇಲೆ.

ಮೊದಲು ನನ್ನದೇ ಒಂದು ಪ್ರಸಂಗ ಕೇಳಿ. ಒಂದು ಸಂಜೆ, ಮನೆಗೆ ಹೊರಡುವ ಹೊತ್ತು. ನಾನು ಒಂದು ಇಮೇಲ್ ಬರೆಯುತ್ತಾ ಕೂತಿದ್ದೆ. ನಮ್ಮ ತಂಡದ ಹುಡುಗ ಒಬ್ಬ ಬಂದು ಮೇಜಿನ ಪಕ್ಕ ನಿಂತ. "ಸರ್, ಎರಡು ನಿಮಿಷ ಇದೆಯಾ?" ಅಂದ. ಪರದೆಯಿಂದ ಕಣ್ಣು ತೆಗೆಯದೆ "ಹೇಳಿ" ಅಂದೆ. "ನಿನ್ನೆ ಗ್ರಾಹಕರಿಗೆ ಕಳಿಸಿದ ವರದಿಯಲ್ಲಿ ಒಂದು ಮೊತ್ತ ತಪ್ಪಿದೆ ಸರ್. ಈಗ ಗೊತ್ತಾಯ್ತು."

ನನ್ನ ಬಾಯಿಂದ ಬಂದ ಮಾತು: "ಇದನ್ನ ಈಗ ಬಂದು ಹೇಳ್ತಿದ್ದೀರಾ?"

ಅಷ್ಟೇ. ಕೂಗಾಡಲಿಲ್ಲ, ಬೈಯಲಿಲ್ಲ. ರಾತ್ರಿ ಕೂತು ಇಬ್ಬರೂ ಸೇರಿ ಸರಿ ಮಾಡಿ, ಗ್ರಾಹಕರಿಗೆ ಹೊಸ ವರದಿ ಕಳಿಸಿದೆವು. ನನ್ನ ಲೆಕ್ಕದಲ್ಲಿ ಆ ವಿಷಯ ಅಲ್ಲಿಗೆ ಮುಗಿದಿತ್ತು.

ಐದು ತಿಂಗಳ ನಂತರ ಅದೇ ಲೆಕ್ಕದ ಹಾಳೆಯಲ್ಲಿ ಇನ್ನೊಂದು ಸೂತ್ರ ತಪ್ಪಿರುವುದು ಬಯಲಾಯಿತು. ಈ ಸಲ ಹೇಳಿದ್ದು ನಮ್ಮವರಲ್ಲ, ಗ್ರಾಹಕರೇ. ವಿಚಾರಿಸಿದರೆ, ತಂಡದಲ್ಲಿ ನಾಲ್ಕು ಜನಕ್ಕೆ ಮೂರು ವಾರದಿಂದ ಗೊತ್ತಿತ್ತು! ನನಗೆ ತಲೆ ಕೆಟ್ಟುಹೋಯಿತು. ಯಾಕ್ರೀ ಹೇಳಲಿಲ್ಲ ಅಂತ ಕೇಳಿದೆ. ಎಲ್ಲರೂ ಸುಮ್ಮನಿದ್ದರು. ಕೊನೆಗೆ ಒಬ್ಬ ಸಹೋದ್ಯೋಗಿ, ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಹಿರಿಯರು, ಮೆತ್ತಗೆ ಹೇಳಿದರು: "ನೀವು ಬೈತೀರಾ ಅಂತಲ್ಲ ಸರ್. ಹೇಳಿದ್ರೂ ಸರಿ ಮಾಡೋದು ನಾವೇ. ಜೊತೆಗೆ ನಿಮ್ಮ ಮುಖ ಬೇರೆ ನೋಡಬೇಕು."

ನಿಮ್ಮ ಮುಖ ಬೇರೆ ನೋಡಬೇಕು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಇಲ್ಲಿ ತಮಾಷೆ ಏನಂದರೆ, ಆ ಹೊತ್ತಿಗೆ ನಾನು ಎರಡು ನಾಯಕತ್ವ ತರಬೇತಿ ಮುಗಿಸಿದ್ದೆ. ಪ್ರಮಾಣಪತ್ರ ಚೌಕಟ್ಟು ಹಾಕಿಸಿ ಇಟ್ಟಿದ್ದೆ. "ತಂಡದ ಮಾತನ್ನು ತಾಳ್ಮೆಯಿಂದ ಕೇಳಬೇಕು" ಅಂತ ಪರೀಕ್ಷೆಯಲ್ಲಿ ಕೇಳಿದ್ದರೆ ಮೂರು ಪುಟ ಬರೆಯುತ್ತಿದ್ದೆ. ಆದರೆ ಸಂಜೆ ದಣಿದು ಕೂತಾಗ ಆ ಮೂರು ಪುಟ ಕೆಲಸಕ್ಕೆ ಬರಲಿಲ್ಲ. ನಾಲಿಗೆಗೆ ರೂಢಿಯಾಗಿದ್ದ ಮಾತು ಬಂತು. ಅಭ್ಯಾಸ ಅಂದರೆ ಇದೇ ಅಲ್ವಾ? ನಾವು ಯೋಚನೆ ಮಾಡದೆ ಇದ್ದಾಗ ನಮ್ಮ ಪರವಾಗಿ ಕೆಲಸ ಮಾಡುವಂಥದ್ದು. ಒಳ್ಳೆಯ ದಿನ, ಬೇಕಾದಷ್ಟು ಸಮಯ ಇರುವಾಗ ಎಲ್ಲರೂ ಒಳ್ಳೆಯ ನಾಯಕರೇ.

ಹಾಗಾಗಿ ಇವತ್ತು ಹತ್ತು ಅಭ್ಯಾಸ ಹೇಳುವ ಬದಲು ಹೆಚ್ಚಾಗಿ ಒಂದರ ಬಗ್ಗೆಯೇ ಮಾತಾಡುತ್ತೇನೆ. ಯಾರಾದರೂ ಕೆಟ್ಟ ಸುದ್ದಿ ತಂದಾಗ ಮೊದಲ ಕೆಲವು ಸೆಕೆಂಡು ನೀವು ಏನು ಮಾಡುತ್ತೀರಿ?

ಇದು ಅಷ್ಟು ದೊಡ್ಡ ವಿಷಯವಾ ಅಂತ ನಿಮಗೆ ಅನ್ನಿಸಿದರೆ, 1977ರ ಮಾರ್ಚ್ 27ಕ್ಕೆ ಹೋಗೋಣ. ಸ್ಪೇನ್ ದೇಶಕ್ಕೆ ಸೇರಿದ ಟೆನೆರಿಫ್ ದ್ವೀಪ. ಪಕ್ಕದ ದ್ವೀಪದ ವಿಮಾನ ನಿಲ್ದಾಣದಲ್ಲಿ ಬಾಂಬ್ ಸಿಡಿದಿದ್ದರಿಂದ ಅಲ್ಲಿಗೆ ಹೋಗಬೇಕಿದ್ದ ವಿಮಾನಗಳನ್ನೆಲ್ಲ ಈ ಚಿಕ್ಕ ನಿಲ್ದಾಣಕ್ಕೆ ಕಳಿಸಿದ್ದರು. ಅವುಗಳಲ್ಲಿ ಎರಡು ಬೋಯಿಂಗ್ 747 ಇದ್ದವು. ಒಂದು ಕೆಎಲ್‌ಎಂ ಕಂಪನಿಯದು, ಇನ್ನೊಂದು ಪ್ಯಾನ್ ಆಮ್‌ನದು. ಗಂಟೆಗಟ್ಟಲೆ ಕಾದಾಗಿತ್ತು. ಇನ್ನೂ ತಡವಾದರೆ ಕೆಎಲ್‌ಎಂ ಸಿಬ್ಬಂದಿಯ ಕೆಲಸದ ಅವಧಿಯ ಮಿತಿ ಮೀರುವ ಹಾಗಿತ್ತು. ಮೇಲಿಂದ ದಟ್ಟ ಮಂಜು.

ಕೆಎಲ್‌ಎಂ ಕ್ಯಾಪ್ಟನ್ ಸಾಮಾನ್ಯರಲ್ಲ. ಆ ಕಂಪನಿಯಲ್ಲಿ 747 ಪೈಲಟ್‌ಗಳಿಗೆ ತರಬೇತಿ ಕೊಡುವ ವಿಭಾಗದ ಮುಖ್ಯಸ್ಥರು. ಕಂಪನಿಯ ಜಾಹೀರಾತಿನಲ್ಲಿ ಅವರದೇ ಫೋಟೊ ಇತ್ತು. ಅವರು ರನ್‌ವೇ ತುದಿಯಲ್ಲಿ ಎಂಜಿನ್ ವೇಗ ಹೆಚ್ಚಿಸಲು ಹೋದಾಗ, ಇನ್ನೂ ಅನುಮತಿ ಬಂದಿಲ್ಲ ಅಂತ ಸಹ ಪೈಲಟ್ ನೆನಪಿಸಿದರು. ಗೊತ್ತು, ಕೇಳು ಅಂದರು ಕ್ಯಾಪ್ಟನ್. ಸ್ವಲ್ಪ ಹೊತ್ತಿಗೆ ಮತ್ತೆ ಹೊರಟೇಬಿಟ್ಟರು, ಹಾರಲು ಅನುಮತಿ ಇನ್ನೂ ಸಿಕ್ಕಿರಲಿಲ್ಲ. ಈ ಸಲ ಸಹ ಪೈಲಟ್ ತಡೆಯಲಿಲ್ಲ. ವಿಮಾನ ಓಡುತ್ತಿರುವಾಗ ಹಿಂದೆ ಕೂತಿದ್ದ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂತು. ಆ ಪ್ಯಾನ್ ಆಮ್ ವಿಮಾನ ರನ್‌ವೇಯಿಂದ ಆಚೆ ಹೋಗಿಲ್ಲವಾ ಹಾಗಾದರೆ ಅಂತ ಕೇಳಿದರು. ಹೋಗಿದೆ ಅಂತ ಕ್ಯಾಪ್ಟನ್ ಒತ್ತಿ ಹೇಳಿದರು. ಎಂಜಿನಿಯರ್ ಸುಮ್ಮನಾದರು.

ಪ್ಯಾನ್ ಆಮ್ ವಿಮಾನ ಹೋಗಿರಲಿಲ್ಲ. 583 ಜನ ಸತ್ತರು. ವಿಮಾನಯಾನದ ಇತಿಹಾಸದಲ್ಲಿ ಅಷ್ಟು ಜನರನ್ನು ಬಲಿ ತೆಗೆದುಕೊಂಡ ಅಪಘಾತ ಇನ್ನೊಂದಿಲ್ಲ.

ಕಾರಣ ಇದೊಂದೇ ಅಲ್ಲ, ಅದನ್ನೂ ಹೇಳಿಬಿಡಬೇಕು. ಮಂಜಿತ್ತು. ಒಂದೇ ಕ್ಷಣದಲ್ಲಿ ಇಬ್ಬರು ರೇಡಿಯೊದಲ್ಲಿ ಮಾತಾಡಿದ್ದರಿಂದ ಮುಖ್ಯವಾದ ಮಾತೇ ಕೇಳಿಸಲಿಲ್ಲ. ಆದರೂ ನನಗೆ ಮತ್ತೆ ಮತ್ತೆ ಕಾಡುವುದು ಆ ಎಂಜಿನಿಯರ್ ಪ್ರಶ್ನೆ. ಅನುಮಾನ ಬಂದ ಒಬ್ಬ ಮನುಷ್ಯ ಆ ಕೋಣೆಯಲ್ಲಿದ್ದ. ಬಾಯಿಬಿಟ್ಟು ಕೇಳಿಯೂ ಕೇಳಿದ. ಉತ್ತರ ಕೊಟ್ಟವರಿಗೆ ಎರಡು ಸೆಕೆಂಡು ತಡೆಯುವ ರೂಢಿ ಇರಲಿಲ್ಲ, ಅಷ್ಟೇ. ಕ್ಯಾಪ್ಟನ್ ಕೆಟ್ಟವರಾಗಿರಲಿಲ್ಲ. ಅವಸರದಲ್ಲಿದ್ದರು, ತಮ್ಮ ಕೆಲಸದಲ್ಲಿ ಪಳಗಿದವರಾಗಿದ್ದರು. ನಮ್ಮಲ್ಲಿ ಬಹಳ ಜನ ಮೇಲಕ್ಕೆ ಬರುವುದೂ ಹೀಗೇ, ಕೆಲಸದಲ್ಲಿ ಪಳಗಿ, ಅವಸರದಲ್ಲಿ.

ಇದಾದ ಮೇಲೆ ವಿಮಾನ ಕಂಪನಿಗಳು ಎಚ್ಚೆತ್ತವು. 1979ರಲ್ಲಿ ಅಮೆರಿಕದ ನಾಸಾ ಸಂಸ್ಥೆ ಈ ಬಗ್ಗೆ ಕಾರ್ಯಾಗಾರ ನಡೆಸಿತು. 1981ರಲ್ಲಿ ಯುನೈಟೆಡ್ ಏರ್‌ಲೈನ್ಸ್ ಸಿಬ್ಬಂದಿಗೆ ತರಬೇತಿ ಶುರು ಮಾಡಿತು. ಚಿಕ್ಕವರು ಮಾತಾಡುವುದನ್ನು ಕಲಿಯಬೇಕು, ದೊಡ್ಡವರು ಕೇಳುವುದನ್ನು ಕಲಿಯಬೇಕು, ಆ ತರಬೇತಿಯ ತಿರುಳು ಇಷ್ಟೇ. ರೇಡಿಯೊ ಮಾತಿನಲ್ಲಿ 'ಟೇಕಾಫ್' ಅನ್ನುವ ಪದವನ್ನು ಹಾರಲು ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಬಿಟ್ಟು ಬೇರೆಲ್ಲೂ ಬಳಸಬಾರದು ಅಂತ ನಿಯಮ ಬಂತು. ಸುಮ್ನೆ ಬುದ್ಧಿವಾದ ಹೇಳಿ ಬಿಡಲಿಲ್ಲ ನೋಡಿ, ಬಾಯಿಗೆ ಬರುವ ಮಾತನ್ನೇ ಬದಲಿಸಿದರು.

ಆಸ್ಪತ್ರೆಯದೊಂದು ಉದಾಹರಣೆ ಇದೆ. ಏಮಿ ಎಡ್ಮಂಡ್ಸನ್ ಅಂತ ಹಾರ್ವರ್ಡ್‌ನ ಸಂಶೋಧಕಿ 1990ರ ದಶಕದಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳ ಲೆಕ್ಕ ನೋಡಿದರು. ಹೊಂದಾಣಿಕೆ ಚೆನ್ನಾಗಿರುವ ತಂಡದಲ್ಲಿ ತಪ್ಪು ಕಡಿಮೆ ಇರುತ್ತದೆ ಅನ್ನುವುದು ಅವರ ಊಹೆ. ಅಂಕಿಅಂಶ ಉಲ್ಟಾ ಬಂತು. ಒಳ್ಳೆಯ ತಂಡದಲ್ಲೇ ತಪ್ಪು ಜಾಸ್ತಿ! ಕೂತು ಬಿಡಿಸಿದಾಗ ಕಂಡದ್ದು, ಒಳ್ಳೆಯ ತಂಡದವರು ತಪ್ಪು ಜಾಸ್ತಿ ಮಾಡುತ್ತಿರಲಿಲ್ಲ, ಆದ ತಪ್ಪನ್ನು ಹೇಳಿಕೊಳ್ಳುತ್ತಿದ್ದರು. ಉಳಿದವರು ಮುಚ್ಚಿಡುತ್ತಿದ್ದರು. 1999ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಿಂದ, ತಂಡದಲ್ಲಿ ಹೆದರಿಕೆ ಇಲ್ಲದೆ ಬಾಯಿಬಿಡುವ ವಾತಾವರಣದ ಬಗ್ಗೆ ದೊಡ್ಡ ಚರ್ಚೆಯೇ ಶುರುವಾಯಿತು.

ಇದನ್ನು ಕೇಳಿದ ಮೇಲೆ ನನ್ನ ಒಂದು ಹೆಮ್ಮೆ ಮಣ್ಣಾಯಿತು. "ನಮ್ಮ ತಂಡದಲ್ಲಿ ಸಮಸ್ಯೆನೇ ಇಲ್ಲ" ಅಂತ ಹೇಳಿಕೊಂಡು ತಿರುಗುತ್ತಿದ್ದವನು ನಾನು.

ಸರಿ, ರೂಢಿ ಬದಲಿಸುವುದು ಹೇಗೆ? ಹುಟ್ಟುಗುಣ ಸುಟ್ಟರೂ ಹೋಗದು ಅಂತ ಗಾದೆಯೇ ಇದೆ. ನನ್ನ ಹೆಂಡತಿ ನನ್ನ ವಿಷಯದಲ್ಲಿ ಇದನ್ನು ವಾರಕ್ಕೊಮ್ಮೆಯಾದರೂ ಬಳಸುತ್ತಾಳೆ. ಆದರೆ ಗುಣ ಬೇರೆ, ರೂಢಿ ಬೇರೆ. ಸಿಟ್ಟು ಬರುವುದು ಗುಣ ಇರಬಹುದು. ಸಿಟ್ಟು ಬಂದಾಗ ಕೈ ಎಲ್ಲಿರುತ್ತದೆ, ಕಣ್ಣು ಎಲ್ಲಿರುತ್ತದೆ, ಮೊದಲ ವಾಕ್ಯ ಯಾವುದು, ಇದೆಲ್ಲ ರೂಢಿ.

ಪೀಟರ್ ಗಾಲ್ವಿಟ್ಸರ್ ಅನ್ನುವ ಮನಶ್ಶಾಸ್ತ್ರಜ್ಞರು ಈ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. "ಇನ್ನು ಮೇಲೆ ತಾಳ್ಮೆಯಿಂದ ಇರ್ತೀನಿ" ಅಂತ ನಿಶ್ಚಯ ಮಾಡಿದವರಿಗಿಂತ, "ಇಂಥದ್ದು ಆದಾಗ ಇಂಥದ್ದು ಮಾಡ್ತೀನಿ" ಅಂತ ಸಂದರ್ಭ ಮತ್ತು ಕೆಲಸ ಎರಡನ್ನೂ ಗಂಟು ಹಾಕಿದವರು ಅಂದುಕೊಂಡದ್ದನ್ನು ಹೆಚ್ಚಾಗಿ ಮಾಡಿ ಮುಗಿಸುತ್ತಾರೆ. ನೋಡಿ, ತಾಳ್ಮೆಗೆ ಕೈಕಾಲಿಲ್ಲ. ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ಗೊತ್ತಾಗುವುದಿಲ್ಲ.

ನಾನು ಗಂಟು ಹಾಕಿದ್ದು ಹೀಗೆ: ಯಾರಾದರೂ ಬಂದು "ಎರಡು ನಿಮಿಷ ಇದೆಯಾ" ಅಂದರೆ, ಕೈಯಲ್ಲಿದ್ದದ್ದನ್ನು ಕೆಳಗಿಡುತ್ತೇನೆ. ಪೆನ್ನಾದರೆ ಪೆನ್ನು, ಫೋನಾದರೆ ಫೋನು. ಕೀಲಿಮಣೆ ಆದರೆ ಎರಡೂ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುತ್ತೇನೆ. ಕುರ್ಚಿ ತಿರುಗಿಸುತ್ತೇನೆ. ಅವರು ಹೇಳಿ ಮುಗಿಸಿದ ಮೇಲೆ ಮೊದಲ ವಾಕ್ಯ: "ಹೇಳಿದ್ದು ಒಳ್ಳೇದಾಯ್ತು." ಎರಡನೆಯದು: "ಈಗ ಏನು ಮಾಡಬಹುದು?" ಯಾಕಾಯ್ತು ಅನ್ನುವುದು ಮೂರನೆಯದು, ಅದೂ ಅವತ್ತೇ ಕೇಳಬೇಕು ಅಂತೇನಿಲ್ಲ.

ಶುರುವಿನಲ್ಲಿ ಇದು ಎಷ್ಟು ಕೃತಕವಾಗಿತ್ತು ಅಂದರೆ, ನಾಟಕದ ಮಾತು ಒಪ್ಪಿಸಿದ ಹಾಗೆ. ಒಂದು ದಿನ ಒಬ್ಬ ಹುಡುಗಿ ನಾಳೆ ರಜೆ ಬೇಕು ಅಂತ ಕೇಳಲು ಬಂದಳು. ನಾನು ಪೆನ್ನು ಕೆಳಗಿಟ್ಟು, ಗಂಭೀರವಾಗಿ "ಹೇಳಿದ್ದು ಒಳ್ಳೇದಾಯ್ತು, ಈಗ ಏನು ಮಾಡಬಹುದು?" ಅಂದೆ. ಪಾಪ, ಅವಳು ಕಂಗಾಲಾಗಿ ರಜೆ ಬೇಡ ಬಿಡಿ ಸರ್ ಅಂದುಬಿಟ್ಟಳು. ಆಮೇಲೆ ನಾನೇ ಹೋಗಿ ರಜೆ ಕೊಟ್ಟು ಬಂದೆ.

ಎಷ್ಟು ದಿನ ಮಾಡಬೇಕು? 21 ದಿನ ಅಂತ ನೀವು ಕೇಳಿರುತ್ತೀರಿ. ಅದರ ಮೂಲ, ಒಬ್ಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಒಂದು ಪುಸ್ತಕ. ತಮ್ಮ ಹೊಸ ಮುಖಕ್ಕೆ ರೋಗಿಗಳು ಹೊಂದಿಕೊಳ್ಳಲು ಕಡಿಮೆ ಅಂದರೂ 21 ದಿನ ಬೇಕು ಅಂತ ಅವರು ಬರೆದರು. ಬಾಯಿಂದ ಬಾಯಿಗೆ ಹೋಗುತ್ತಾ "ಕಡಿಮೆ ಅಂದರೂ" ಬಿದ್ದುಹೋಯಿತು, ರೋಗಿಗಳೂ ಬಿದ್ದುಹೋದರು, 21 ಮಾತ್ರ ಉಳಿಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ.

ನಿಜವಾಗಿ ಅಳೆದು ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಅವರ ಜೊತೆಯವರು. 96 ಜನರನ್ನು 12 ವಾರ ಹಿಂಬಾಲಿಸಿದರು. ಒಬ್ಬೊಬ್ಬರೂ ದಿನಕ್ಕೊಮ್ಮೆ ಮಾಡುವ ಒಂದೊಂದು ಚಿಕ್ಕ ಕೆಲಸ ಆರಿಸಿಕೊಂಡಿದ್ದರು. ಅದು ತಾನಾಗಿಯೇ ಆಗುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನಕ್ಕೇ ಬಂತು. ಇನ್ನು ಕೆಲವರಿಗೆ 254 ದಿನ ಬೇಕಾಗಬಹುದು ಅಂತ ಲೆಕ್ಕ ಹಾಕಿದರು. ನನಗೆ ಇದಕ್ಕಿಂತ ಇಷ್ಟವಾದದ್ದು ಅವರು ಕಂಡ ಇನ್ನೊಂದು ವಿಷಯ. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟ ಏನೂ ಆಗುವುದಿಲ್ಲ. ನಮ್ಮಲ್ಲಿ ಆರಂಭಶೂರರು ಜಾಸ್ತಿ. ಎಂಟು ದಿನ ಬಿಡದೆ ಮಾಡಿ, ಒಂಬತ್ತನೆಯ ದಿನ ತಪ್ಪಿದರೆ "ಕೆಟ್ಟುಹೋಯ್ತು ಬಿಡು" ಅಂತ ಕೈಚೆಲ್ಲುವವರು. ಕೆಟ್ಟಿರುವುದಿಲ್ಲ. ಹತ್ತನೆಯ ದಿನ ಮಾಡಿದರಾಯಿತು.

ನನಗೆ ಎಷ್ಟು ದಿನ ಹಿಡಿಯಿತು? ಲೆಕ್ಕ ಇಟ್ಟಿಲ್ಲ. ಒಂದು ವರ್ಷದ ಹತ್ತಿರ ಇರಬಹುದು. ದಿನಾ ಮಾಡುವ ಕೆಲಸಕ್ಕೇ ಎರಡು ತಿಂಗಳು ಬೇಕು ಅಂದರೆ, ವಾರಕ್ಕೊಮ್ಮೆಯೋ ಎರಡು ಸಲವೋ ಬರುವ ಸಂದರ್ಭಕ್ಕೆ ಅಷ್ಟು ಬೇಡವಾ? ಅಷ್ಟರಲ್ಲಿ ನಡುನಡುವೆ ಹಳೆಯ ಮಾತು ಬಾಯಿಗೆ ಬಂದು, ನಾನು ಕ್ಷಮೆ ಕೇಳಿದ್ದೂ ಇದೆ. ಮತ್ತೆ ನಂಬಿಕೆ ಅನ್ನುವುದು ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೊದಲ ಕೆಲವು ತಿಂಗಳು ಯಾರೂ ಏನೂ ಹೇಳಲು ಬರಲೇ ಇಲ್ಲ. ನಾನು ಪೆನ್ನು ಕೆಳಗಿಡಲು ತಯಾರಾಗಿ ಕೂತಿದ್ದೆ, ಅಷ್ಟೇ.

ಆಗ ಶುರು ಮಾಡಿದ್ದು ಪುಸ್ತಕ. ಸಣ್ಣ ಪಾಕೆಟ್ ಪುಸ್ತಕ, ದಿನಕ್ಕೆ ಒಂದು ಸಾಲು. ಆಫೀಸಿನಿಂದ ಹೊರಡುವ ಮುಂಚೆ, ಚೀಲದ ಜಿಪ್ ಹಾಕುವ ಮೊದಲು ಬರೆಯಬೇಕು. ಪ್ರಶ್ನೆ ಒಂದೇ: ನನಗೆ ಹಿಡಿಸದ ಯಾವ ಮಾತನ್ನು ಇವತ್ತು ಯಾರು ಹೇಳಿದರು? ಮೊದಲ ಪುಟಗಳನ್ನು ಈಗ ತೆಗೆದು ನೋಡಿದರೆ ಗೀಟು, ಗೀಟು, ಗೀಟು. ಯಾರೂ ಏನೂ ಹೇಳಿಲ್ಲ. ಹಿಂದೆ ಆಗಿದ್ದರೆ ಎಲ್ಲ ಚೆನ್ನಾಗಿದೆ ಅಂದುಕೊಳ್ಳುತ್ತಿದ್ದೆ. ಈಗ ಸತತ ಹತ್ತು ದಿನ ಗೀಟು ಬಂದರೆ ನನಗೆ ದಿಗಿಲಾಗುತ್ತದೆ. ಎದ್ದು ಹೋಗಿ ನಾನೇ ಯಾರನ್ನಾದರೂ ಕೇಳುತ್ತೇನೆ. "ಏನಾದ್ರೂ ಸಮಸ್ಯೆ ಇದೆಯಾ" ಅಂತ ಕೇಳಬೇಡಿ, ಇಲ್ಲ ಸರ್ ಅನ್ನುತ್ತಾರೆ. "ಈ ವಾರ ನಿಮ್ಮ ಕೆಲಸ ಎಲ್ಲಿ ಸಿಕ್ಕಿಹಾಕಿಕೊಂಡಿತು" ಅಂತ ಕೇಳಿ.

ಪುಸ್ತಕ ಇಡುವುದು ನನ್ನ ಆವಿಷ್ಕಾರ ಏನಲ್ಲ. ಬೆಂಜಮಿನ್ ಫ್ರಾಂಕ್ಲಿನ್ ಯುವಕನಾಗಿದ್ದಾಗ ಸದ್ಗುಣಗಳ ಪಟ್ಟಿ ಮಾಡಿ, ಪುಟ್ಟ ಪುಸ್ತಕದಲ್ಲಿ ಚೌಕ ಹಾಕಿ, ತಪ್ಪಿದ ದಿನ ಚುಕ್ಕೆ ಇಡುತ್ತಿದ್ದ. ವಾರಕ್ಕೆ ಒಂದು ಗುಣದ ಮೇಲೆ ಹೆಚ್ಚು ಗಮನ. ಈ ಕಥೆ ಬಹಳ ಜನ ಹೇಳುತ್ತಾರೆ. ಹೇಳದೆ ಬಿಡುವ ಭಾಗವೇ ನನಗೆ ಪ್ರಿಯ. ಅವನ ಪಟ್ಟಿಯಲ್ಲಿ ಮೊದಲು ಇದ್ದದ್ದು 12 ಗುಣ. ಒಬ್ಬ ಗೆಳೆಯ ಬಂದು, ನಿನಗೆ ಅಹಂಕಾರ ಜಾಸ್ತಿ ಅಂತ ಜನ ಮಾತಾಡಿಕೊಳ್ಳುತ್ತಾರೆ ಅಂದ, ಉದಾಹರಣೆ ಸಮೇತ. ಫ್ರಾಂಕ್ಲಿನ್ ಜಗಳ ಆಡಲಿಲ್ಲ. 13ನೆಯದಾಗಿ ವಿನಯ ಸೇರಿಸಿಕೊಂಡ. ಅಷ್ಟಕ್ಕೇ ಬಿಡದೆ ಮಾತಿನ ರೂಢಿಯನ್ನೇ ಬದಲಿಸಿಕೊಂಡ. 'ಖಂಡಿತ', 'ನಿಸ್ಸಂದೇಹವಾಗಿ' ಅನ್ನುವಂಥ ಪದ ಬಿಟ್ಟು, 'ಸದ್ಯಕ್ಕೆ ನನಗೆ ಹೀಗೆ ಕಾಣುತ್ತದೆ' ಅನ್ನಲು ಶುರು ಮಾಡಿದ. ಒಳಗಿನ ಅಹಂಕಾರ ಹೋಯಿತಾ? ಇಲ್ಲ ಅಂತ ಅವನೇ ಒಪ್ಪಿಕೊಂಡಿದ್ದಾನೆ. ಪೂರ್ತಿ ಹೋಯಿತು ಅಂದುಕೊಂಡರೂ, ನನ್ನ ವಿನಯದ ಬಗ್ಗೆಯೇ ಅಹಂಕಾರ ಪಡುತ್ತಿದ್ದೆನೇನೋ ಅನ್ನುತ್ತಾನೆ. ಆದರೆ ಜನ ಅವನ ಮಾತಿಗೆ ಬೆಲೆ ಕೊಡಲು ಶುರು ಮಾಡಿದ್ದು ಈ ರೂಢಿಯಿಂದ ಅಂತ ಅವನ ನಂಬಿಕೆ. ಒಳಗಿನದು ಬದಲಾಗುವವರೆಗೆ ಕಾಯಬೇಕಿಲ್ಲ ಅನ್ನುವುದು ನನಗೆ ದೊಡ್ಡ ಸಮಾಧಾನ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ.

ಸಭೆಯಲ್ಲಿ ನೀವು ಹಿರಿಯರಾದರೆ ಕೊನೆಗೆ ಮಾತಾಡಿ. ನೀವು ಮೊದಲು ಮಾತಾಡಿದರೆ ಉಳಿದವರದ್ದು ಅಭಿಪ್ರಾಯ ಆಗಿರುವುದಿಲ್ಲ, ಪ್ರತಿಧ್ವನಿ ಆಗಿರುತ್ತದೆ. ಮತ್ತೆ ಸಭೆಯ ಶುರುವಿನಲ್ಲೇ ಪ್ರತಿಯೊಬ್ಬರೂ ಒಂದು ಮಾತಾದರೂ ಆಡುವ ಹಾಗೆ ನೋಡಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸೆಯ ತಾಳೆಪಟ್ಟಿಯಲ್ಲಿ, ಕತ್ತರಿ ಹಾಕುವ ಮುಂಚೆ ಕೋಣೆಯಲ್ಲಿರುವ ಎಲ್ಲರೂ ತಮ್ಮ ಹೆಸರು, ಕೆಲಸ ಹೇಳಬೇಕು ಅಂತಿದೆ. ಆ ಪಟ್ಟಿಯನ್ನು 8 ನಗರಗಳ 8 ಆಸ್ಪತ್ರೆಗಳಲ್ಲಿ ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾವಿನ ಪ್ರಮಾಣ ಶೇ 1.5ರಿಂದ ಶೇ 0.8ಕ್ಕೆ ಇಳಿದಿತ್ತು. ಪಟ್ಟಿಯಲ್ಲಿ ಬೇರೆ ಅಂಶಗಳೂ ಇವೆ, ಹೆಸರು ಹೇಳಿದ್ದರಿಂದಲೇ ಆಯಿತು ಅನ್ನಲಾರೆ. ಆದರೆ ಒಮ್ಮೆ ಬಾಯಿಬಿಟ್ಟವರಿಗೆ ಎರಡನೆಯ ಸಲ ಬಾಯಿಬಿಡುವುದು ಸುಲಭ, ಇದನ್ನು ನಾನು ನಮ್ಮ ಸಭೆಗಳಲ್ಲೇ ನೋಡಿದ್ದೇನೆ.

ಇನ್ನು ನಿದ್ದೆ. ಸತತ 17 ಗಂಟೆ ಎಚ್ಚರವಾಗಿದ್ದವರ ಚುರುಕು, ರಕ್ತದಲ್ಲಿ ಶೇ 0.05ರಷ್ಟು ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಅಂತ 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದರು. ಬೆಳಿಗ್ಗೆ ಆರಕ್ಕೆ ಎದ್ದವರು ರಾತ್ರಿ ಹನ್ನೊಂದಕ್ಕೆ ತಂಡಕ್ಕೆ ಖಾರವಾಗಿ ಇಮೇಲ್ ಬರೆಯುತ್ತಿದ್ದರೆ ಲೆಕ್ಕ ಹಾಕಿಕೊಳ್ಳಿ. ನಾನು ಬರೆದು ಡ್ರಾಫ್ಟ್‌ನಲ್ಲಿ ಇಟ್ಟು ಮಲಗುತ್ತೇನೆ. ಬೆಳಿಗ್ಗೆ ಅರ್ಧಕ್ಕರ್ಧ ಅಳಿಸಿಹಾಕುತ್ತೇನೆ.

ಕೊನೆಯಲ್ಲಿ ಪ್ರಶ್ನೆಗಳಿದ್ದವು. ಒಬ್ಬ ಯುವಕ ಕೇಳಿದ್ದು ಮುಖ್ಯವಾದದ್ದು: "ಸರ್, ನಾನು ಮ್ಯಾನೇಜರ್ ಅಲ್ಲ. ನಮ್ಮ ಬಾಸ್ ಪೆನ್ನು ಕೆಳಗಿಡುವವರಲ್ಲ. ನಾನೇನು ಮಾಡಲಿ?"

ನಿಜ ಹೇಳಬೇಕಂದರೆ, ಕೆಲವು ಬಾಸ್‌ಗಳ ಮುಂದೆ ನಿಮ್ಮ ಯಾವ ಅಭ್ಯಾಸವೂ ನಡೆಯುವುದಿಲ್ಲ. ಅಲ್ಲಿಂದ ಹೊರಡುವುದೇ ಒಳ್ಳೆಯದು. ಆದರೆ ಎಲ್ಲರೂ ಹಾಗಿರುವುದಿಲ್ಲ, ನನ್ನಂಥವರೂ ಇರುತ್ತಾರೆ. ಟೆನೆರಿಫ್‌ನ ಎಂಜಿನಿಯರ್ ಕೇಳಿದ್ದು ಪ್ರಶ್ನೆ. ಪ್ರಶ್ನೆಯನ್ನು ಹೌದು, ಇಲ್ಲ ಅಂತ ತಳ್ಳಿಹಾಕುವುದು ಸುಲಭ. ಈಗ ವಿಮಾನ ಸಿಬ್ಬಂದಿಗೆ ಕಲಿಸುವ ಒಂದು ಕ್ರಮ ಹೀಗಿದೆ: ಮೊದಲು ಹೆಸರೋ ಹುದ್ದೆಯೋ ಹೇಳಿ ಕರೆಯಿರಿ. ನನಗೆ ಆತಂಕ ಇದೆ ಅನ್ನಿ. ಏನು ಕಾಣುತ್ತಿದೆ ಹೇಳಿ. ಏನು ಮಾಡೋಣ ಅಂತ ನೀವೇ ಸೂಚಿಸಿ. ಕೊನೆಗೆ, ಒಪ್ಪುತ್ತೀರಾ ಅಂತ ಕೇಳಿ. ಆಫೀಸಿಗೆ ತಂದರೆ, "ಸರ್, ಈ ವರದಿ ಬಗ್ಗೆ ನನಗೆ ಆತಂಕ ಇದೆ. ಎರಡು ಮೊತ್ತ ತಾಳೆ ಆಗ್ತಿಲ್ಲ. ಇವತ್ತು ಕಳಿಸೋದು ಬೇಡ, ನಾಳೆ ಮಧ್ಯಾಹ್ನ ಕಳಿಸೋಣ. ಆಗಬಹುದಾ?" ಇದಕ್ಕೆ ಪರದೆ ನೋಡುತ್ತಲೇ ಉತ್ತರ ಕೊಡುವುದು ಕಷ್ಟ.

ಇನ್ನೊಬ್ಬರು ಎದ್ದು ನಿಂತು ನಗುತ್ತಾ ಕೇಳಿದರು: "ನಿಮ್ಮ ಮುಖ ಈಗ ಸರಿಹೋಯ್ತಾ?"

ಇದನ್ನು ನಾನೇ ಹೇಳಿದರೆ ನಡೆಯುವುದಿಲ್ಲ ಅಲ್ವಾ? ಹಾಗಾಗಿ ಇಲ್ಲಿಗೆ ಬರುವ ಹಿಂದಿನ ವಾರ ಆ ಹಿರಿಯ ಸಹೋದ್ಯೋಗಿಯನ್ನೇ ಕೇಳಿದ್ದೆ. ಅವರು ಒಂದು ಕ್ಷಣ ನನ್ನನ್ನೇ ನೋಡಿ, "ಮೊದಲಿಗಿಂತ ಪರವಾಗಿಲ್ಲ ಸರ್. ಮಾತು ಸರಿಹೋಗಿದೆ. ಹುಬ್ಬು ಮಾತ್ರ ಇನ್ನೂ ಹಾಗೇ ಮೇಲೆ ಹೋಗುತ್ತೆ" ಅಂದರು. ಅವತ್ತಿನ ಸಾಲಿಗೆ ಅದನ್ನೇ ಬರೆದುಕೊಂಡೆ.